ಡಿಸ್ಕ್ ಕಾಣುವ ಮೊದಲೇ ರೂಟ್: ಕರ್ನಲ್‌ನಲ್ಲಿ ವಿಎಫ್ಎಸ್ ಎಬ್ಬಿಸುವ ಕ್ರಮ

ಸ್ವಂತ ಕರ್ನಲ್ ಬರೆಯುವವರು ಮೆಮೊರಿ, ಇಂಟರಪ್ಟ್, ಶೆಡ್ಯೂಲರ್ ಮುಗಿಸಿ ಫೈಲ್‌ಗಳ ಕಡೆ ಬಂದಾಗ ಮೊದಲು ಕೈ ಹಾಕುವುದು ಡಿಸ್ಕ್ ಡ್ರೈವರ್‌ಗೆ. ಅದರ ಮೇಲೆ ಎಕ್ಸ್ಟ್2 ಅಥವಾ ಫ್ಯಾಟ್ ಓದುವ ಕೋಡ್, ಅದರ ಮೇಲೆ ನೇರವಾಗಿ ಓಪನ್, ರೀಡ್. ಆಮೇಲೆ ಎರಡನೆಯ ಫೈಲ್‌ಸಿಸ್ಟಮ್ ಬೇಕು ಅನ್ನಿಸಿದಾಗ ಮಧ್ಯೆ ವಿಎಫ್ಎಸ್ (ವರ್ಚುವಲ್ ಫೈಲ್ ಸಿಸ್ಟಮ್: ಎಲ್ಲ ಫೈಲ್‌ಸಿಸ್ಟಮ್‌ಗಳನ್ನೂ ಒಂದೇ ಬಗೆಯ ಕರೆಗಳ ಕೆಳಗೆ ತರುವ ಪದರ) ತೂರಿಸಲು ಹೋಗಿ ಅರ್ಧ ಕರ್ನಲ್ ಬಿಚ್ಚಬೇಕಾಗುತ್ತದೆ. ಈ ಕ್ರಮವನ್ನು ತಿರುಗಿಸಿ. ಒಂದೇ ಒಂದು ಡ್ರೈವರ್ ಇಲ್ಲದಿದ್ದರೂ ವಿಎಫ್ಎಸ್ ಪೂರ್ತಿಯಾಗಿ ಎದ್ದು ನಿಲ್ಲಬೇಕು. ರೂಟ್ ಡೈರೆಕ್ಟರಿ ಮೊದಲು ಹುಟ್ಟಬೇಕಾದ್ದು ರಾಮ್‌ನಲ್ಲಿ. ಲಿನಕ್ಸ್ ಮಾಡುವುದೂ ಇದನ್ನೇ. ಅದು ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಡುತ್ತದೆ, ಏಕೆ ಇಡುತ್ತದೆ ಎಂಬುದನ್ನು ಹಿಡಿದರೆ ನಿಮ್ಮ ಸಣ್ಣ ಕರ್ನಲ್‌ನಲ್ಲೂ ಅದೇ ಕ್ರಮ ಕೂರಿಸಬಹುದು. ಇಲ್ಲಿನ ಲಿನಕ್ಸ್ ವಿವರಗಳು 6ನೇ ಸರಣಿಯ, 64 ಬಿಟ್ ಎಕ್ಸ್86 ಕರ್ನಲ್‌ನವು.

ಈ ಪದರದ ಕಲ್ಪನೆ ಸನ್ ಮೈಕ್ರೋಸಿಸ್ಟಮ್ಸ್‌ನದು. 1985ರ ಸನ್ಓಎಸ್ 2.0ರಲ್ಲಿ ಲೋಕಲ್ ಡಿಸ್ಕ್ ಮತ್ತು ನೆಟ್‌ವರ್ಕ್ ಫೈಲ್‌ಸಿಸ್ಟಮ್ ಆದ ಎನ್ಎಫ್ಎಸ್ ಎರಡನ್ನೂ ಒಂದೇ ಸಿಸ್ಟಮ್ ಕಾಲ್‌ಗಳ ಕೆಳಗೆ ತರಲು ಅದು ಬಂತು. ಲಿನಕ್ಸ್‌ಗೆ 1992ರಲ್ಲಿ ಎಕ್ಸ್ಟ್ ಫೈಲ್‌ಸಿಸ್ಟಮ್ ಜೊತೆಗೆ ಬಂತು; ಮೊದಲ ಕೋಡ್ ಕ್ರಿಸ್ ಪ್ರೊವೆನ್ಜಾನೋ ಅವರದು, ಕರ್ನಲ್‌ಗೆ ಸೇರುವ ಮುನ್ನ ಲಿನಸ್ ಟೋರ್ವಾಲ್ಡ್ಸ್ ಅದನ್ನು ತಿದ್ದಿ ಬರೆದರು.

ಲಿನಕ್ಸ್ ಮಾದರಿಯಲ್ಲಿ ಮುಖ್ಯ ವಸ್ತುಗಳು ಐದು. ಸೂಪರ್‌ಬ್ಲಾಕ್ ಎಂದರೆ ಮೌಂಟ್ ಆದ ಒಂದು ಫೈಲ್‌ಸಿಸ್ಟಮ್. ಐನೋಡ್ ಎಂದರೆ ಹೆಸರಿಲ್ಲದ ಫೈಲ್. ಡೆಂಟ್ರಿ ಎಂದರೆ ಒಂದು ಡೈರೆಕ್ಟರಿಯೊಳಗಿನ ಒಂದು ಹೆಸರು, ಅದು ಐನೋಡ್‌ನತ್ತ ಕೈ ತೋರಿಸುತ್ತದೆ. ಫೈಲ್ ಎಂದರೆ ಪ್ರೊಸೆಸ್ ತೆರೆದ ಒಂದು ಹಿಡಿಕೆ, ಆಫ್‌ಸೆಟ್ ಇರುವುದು ಇದರಲ್ಲಿ. ಮೌಂಟ್ ಎಂದರೆ ಒಂದು ಸೂಪರ್‌ಬ್ಲಾಕ್ ಮರದ ಯಾವ ಜಾಗದಲ್ಲಿ ಅಂಟಿಕೊಂಡಿದೆ ಎಂಬ ದಾಖಲೆ. ಹೊಸಬರು ಬಿಟ್ಟುಬಿಡುವುದು ಈ ಐದನೆಯದನ್ನು. ಅದರ ಬೆಲೆ ಏನೆಂದು ಮುಂದೆ ಕಾಣುತ್ತದೆ.

ಹ್ಯಾಶ್ ಟೇಬಲ್‌ಗಳಿಗೆ ಜಾಗ

ಕರ್ನಲ್‌ನ ಮುಖ್ಯ ಆರಂಭಿಕ ಫಂಕ್ಷನ್ ಆದ ಸ್ಟಾರ್ಟ್_ಕರ್ನಲ್ ಒಳಗೆ ವಿಎಫ್ಎಸ್ ಎರಡು ಸಲ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ವಿಎಫ್ಎಸ್_ಕ್ಯಾಶಸ್_ಇನಿಟ್_ಅರ್ಲಿ. ಇದು ಪೇಜ್ ಅಲೊಕೇಟರ್ ಏಳುವುದಕ್ಕೂ ಮೊದಲು, ಮೆಮ್‌ಬ್ಲಾಕ್ ಎಂಬ ಬೂಟ್ ಕಾಲದ ಅಲೊಕೇಟರ್ ಇರುವಾಗಲೇ ಓಡುತ್ತದೆ. ಮಾಡುವ ಕೆಲಸ ಎರಡೇ: ಡೆಂಟ್ರಿ ಹ್ಯಾಶ್ ಟೇಬಲ್ ಮತ್ತು ಐನೋಡ್ ಹ್ಯಾಶ್ ಟೇಬಲ್‌ಗೆ ಮೆಮೊರಿ ಹಿಡಿಯುವುದು.

ಇಷ್ಟು ಅವಸರ ಏಕೆ? 8 ಜಿಬಿ ರಾಮ್ ಇರುವ ಯಂತ್ರದ ಲೆಕ್ಕ ನೋಡಿ. ಡೆಂಟ್ರಿ ಟೇಬಲ್‌ನಲ್ಲಿ ಪ್ರತಿ 8 ಕೆಬಿ ಮೆಮೊರಿಗೆ ಒಂದು ಬಕೆಟ್. ಅಂದರೆ 10,48,576 ಬಕೆಟ್‌ಗಳು, ತಲಾ 8 ಬೈಟ್, ಒಟ್ಟು 8 ಎಂಬಿ. ಅದು ಅಕ್ಕಪಕ್ಕದ 2,048 ಪೇಜ್‌ಗಳು, ಅಂದರೆ ಆರ್ಡರ್ 11 (2ರ 11ನೇ ಘಾತದಷ್ಟು ಪೇಜ್). ಪೇಜ್ ಅಲೊಕೇಟರ್ ಒಂದೇ ತುಂಡಾಗಿ ಕೊಡಬಲ್ಲ ಗರಿಷ್ಠ ಆರ್ಡರ್ 10, ಅಂದರೆ 4 ಎಂಬಿ. ಆಮೇಲೆ ಕೇಳಿದರೆ ಈ ತುಂಡು ಸಿಗುವುದೇ ಇಲ್ಲ. ಐನೋಡ್ ಟೇಬಲ್‌ಗೆ 16 ಕೆಬಿಗೆ ಒಂದು ಬಕೆಟ್: 5,24,288 ಬಕೆಟ್, 4 ಎಂಬಿ. ಕರ್ನಲ್ ಸಂದೇಶಗಳ ಡಿಮೆಸ್ಗ್ ಲಾಗ್‌ನ ಮೊದಲ ಭಾಗದಲ್ಲಿ ಈ ಎರಡು ಟೇಬಲ್‌ಗಳ ಸಾಲುಗಳು ಎಂಟ್ರಿ, ಆರ್ಡರ್, ಬೈಟ್ ಲೆಕ್ಕದ ಸಮೇತ ಇರುತ್ತವೆ. ಕೊನೆಯಲ್ಲಿ ಲೀನಿಯರ್ ಎಂದಿದ್ದರೆ ಜಾಗ ಅಖಂಡವಾಗಿ ಸಿಕ್ಕಿದೆ. ವಿಮ್ಯಾಲಕ್ ಎಂದಿದ್ದರೆ ಮೆಮೊರಿ ಹಲವು ನೋಡ್‌ಗಳಲ್ಲಿ ಹಂಚಿಹೋಗಿರುವ ನ್ಯೂಮಾ ಯಂತ್ರದಲ್ಲಿ ಟೇಬಲ್ ಅನ್ನು ಬೇಕೆಂದೇ ಹರಡಲಾಗಿದೆ; ಆಗ ಹಂಚಿಕೆ ಎರಡನೆಯ ಹಂತಕ್ಕೆ ಮುಂದೂಡಲ್ಪಡುತ್ತದೆ.

ನಿಮ್ಮ ಕರ್ನಲ್‌ಗೆ ಇಷ್ಟು ದೊಡ್ಡ ಟೇಬಲ್ ಬೇಕಿಲ್ಲ. 1,024 ಬಕೆಟ್‌ಗಳ ಸ್ಥಿರ ಅರೇ ಒಂದನ್ನು ಬಿಎಸ್ಎಸ್ ಭಾಗದಲ್ಲಿ (ಸೊನ್ನೆಯಿಂದ ಶುರುವಾಗುವ ಸ್ಥಿರ ಡೇಟಾದ ಜಾಗ) ಇಟ್ಟರೆ ಧಾರಾಳ ಸಾಕು, ಹಂಚಿಕೆ ವಿಫಲವಾಗುವ ಭಯವೂ ಇಲ್ಲ. ಹ್ಯಾಶ್ ಲೆಕ್ಕಕ್ಕೆ ಹೆಸರಿನ ಜೊತೆ ತಂದೆ ಡೆಂಟ್ರಿಯ ವಿಳಾಸವನ್ನೂ ಸೇರಿಸಿ. ಹೆಸರೊಂದನ್ನೇ ಹ್ಯಾಶ್ ಮಾಡಿದರೆ ಎಲ್ಲ ಡೈರೆಕ್ಟರಿಗಳ ಮೇಕ್‌ಫೈಲ್‌ಗಳು ಒಂದೇ ಬಕೆಟ್‌ನಲ್ಲಿ ರಾಶಿ ಬೀಳುತ್ತವೆ.

ಕ್ಯಾಶ್‌ಗಳು

ಎರಡನೆಯ ಕರೆ ವಿಎಫ್ಎಸ್_ಕ್ಯಾಶಸ್_ಇನಿಟ್. ಇದು ಸ್ಲ್ಯಾಬ್ (ಒಂದೇ ಗಾತ್ರದ ಸಣ್ಣ ವಸ್ತುಗಳ ಅಲೊಕೇಟರ್) ಎದ್ದ ಮೇಲೆ ಬರುತ್ತದೆ. ಪಾತ್ ಹೆಸರುಗಳಿಗೆ ತಲಾ 4,096 ಬೈಟ್‌ನ ಕ್ಯಾಶ್, ಬಳಿಕ ಡೆಂಟ್ರಿ, ಐನೋಡ್, ಫೈಲ್ ಕ್ಯಾಶ್‌ಗಳು, ಬಳಿಕ ಮೌಂಟ್, ಕೊನೆಗೆ ಬ್ಲಾಕ್ ಡಿವೈಸ್ ಮತ್ತು ಕ್ಯಾರೆಕ್ಟರ್ ಡಿವೈಸ್. ಈ ಮೂಲ ಕ್ಯಾಶ್‌ಗಳನ್ನು ಕಟ್ಟಲಾಗದಿದ್ದರೆ ಕರ್ನಲ್ ಅಲ್ಲೇ ಪ್ಯಾನಿಕ್ ಆಗುವಂತೆ ಫ್ಲ್ಯಾಗ್ ಕೊಟ್ಟಿರುತ್ತಾರೆ. ನೀವೂ ಹಾಗೆಯೇ ಮಾಡಿ. ಡೆಂಟ್ರಿ ಕ್ಯಾಶ್ ಇಲ್ಲದ ಕರ್ನಲ್‌ಗೆ ಮುಂದೆ ಹೋಗಲು ದಾರಿಯೇ ಇಲ್ಲ. ಎರರ್ ಕೋಡ್ ಹಿಂದಿರುಗಿಸಿದರೆ ತಪ್ಪು ಹತ್ತು ಫಂಕ್ಷನ್ ಆಚೆ, ಸಂಬಂಧವಿಲ್ಲದ ಜಾಗದಲ್ಲಿ ತಲೆ ಎತ್ತುತ್ತದೆ.

ಒಂದು ಯಂತ್ರದಲ್ಲಿ ಒಟ್ಟು ಎಷ್ಟು ಫೈಲ್ ತೆರೆದಿರಬಹುದು ಎಂಬ ಮಿತಿಯನ್ನೂ ಲಿನಕ್ಸ್ ಇಲ್ಲೇ ನಿರ್ಧರಿಸುತ್ತದೆ. ಒಂದು ಫೈಲ್‌ಗೆ ಐನೋಡ್, ಡೆಂಟ್ರಿ ಸೇರಿ ಸುಮಾರು 1 ಕೆಬಿ ಎಂದಿಟ್ಟುಕೊಂಡು, ಲಭ್ಯ ಮೆಮೊರಿಯ ಶೇ. 10 ಮೀರದಂತೆ ಲೆಕ್ಕ. ಎಷ್ಟೇ ಕಡಿಮೆಯಾದರೂ 8,192.

ಮೊದಲ ಮೌಂಟ್

ನಿಜವಾದ ಕೆಲಸ ಇರುವುದು ಎಂಎನ್‌ಟಿ_ಇನಿಟ್ ಒಳಗೆ. ಮೌಂಟ್‌ಗಳ ಸ್ಲ್ಯಾಬ್ ಕ್ಯಾಶ್, ಮೌಂಟ್ ಮತ್ತು ಮೌಂಟ್‌ಪಾಯಿಂಟ್ ಎಂಬ ಎರಡು ಹ್ಯಾಶ್ ಟೇಬಲ್, ಸಿಸ್‌ಎಫ್ಎಸ್ ತಯಾರಿ, ಶೇರ್ಡ್ ಮೆಮೊರಿಯ ಟಿಎಂಪಿಎಫ್ಎಸ್ ತಯಾರಿ, ಕೊನೆಗೆ ರೂಟ್‌ಎಫ್ಎಸ್ ಮೌಂಟ್. ರೂಟ್‌ಎಫ್ಎಸ್ ಎಂಬುದು ಮೆಮೊರಿಯಲ್ಲೇ ಇರುವ ಫೈಲ್‌ಸಿಸ್ಟಮ್‌ಗಳಾದ ರಾಮ್‌ಎಫ್ಎಸ್ ಅಥವಾ ಟಿಎಂಪಿಎಫ್ಎಸ್‌ನ ಒಂದು ವಿಶೇಷ ಪ್ರತಿ. ಬೂಟ್ ಸಾಲಿನಲ್ಲಿ ರೂಟ್ ಆಯ್ಕೆ ಕೊಡದೆ ಇದ್ದು ಟಿಎಂಪಿಎಫ್ಎಸ್ ಕರ್ನಲ್‌ನಲ್ಲಿದ್ದರೆ ಟಿಎಂಪಿಎಫ್ಎಸ್. ರೂಟ್ ಆಯ್ಕೆ ಕೊಟ್ಟಿದ್ದರೆ ಸಾಮಾನ್ಯವಾಗಿ ರಾಮ್‌ಎಫ್ಎಸ್. ಗಾತ್ರದ ಮಿತಿ ಇರುವುದು ಟಿಎಂಪಿಎಫ್ಎಸ್‌ಗೆ ಮಾತ್ರ. ರಾಮ್‌ಎಫ್ಎಸ್‌ಗೆ ಬರೆಯುತ್ತಲೇ ಹೋದರೆ ಮೆಮೊರಿ ಬರಿದಾಗುವವರೆಗೂ ಅದು ಬೇಡ ಎನ್ನುವುದಿಲ್ಲ.

ನಿಮ್ಮ ಕರ್ನಲ್‌ನಲ್ಲಿ ಈ ಹಂತವನ್ನು ಹೀಗೆ ನಡೆಸಿ. ಮೊದಲು ಸೂಪರ್‌ಬ್ಲಾಕ್ ಹಂಚಿ. ಬ್ಲಾಕ್ ಗಾತ್ರ, ಮ್ಯಾಜಿಕ್ ಸಂಖ್ಯೆ, ಗರಿಷ್ಠ ಫೈಲ್ ಗಾತ್ರ ತುಂಬಿ. ಲಿನಕ್ಸ್‌ಗೆ ಹೊಸ ಫೈಲ್‌ಸಿಸ್ಟಮ್ ಬರೆಯುವವರು ಈ ಕೊನೆಯದನ್ನು ಮರೆತರೆ ಡೀಫಾಲ್ಟ್ ಬೆಲೆ ಉಳಿದು ಫೈಲ್‌ಗಳು 2 ಜಿಬಿಗೆ ನಿಂತುಬಿಡುತ್ತವೆ. ಸಣ್ಣ ಫೈಲ್‌ಗಳ ಪರೀಕ್ಷೆಯಲ್ಲಿ ಇದು ಸಿಕ್ಕುವುದೇ ಇಲ್ಲ. ಆಮೇಲೆ ರೂಟ್ ಐನೋಡ್: ಮಾದರಿ ಡೈರೆಕ್ಟರಿ, ಅನುಮತಿ 0755, ಲಿಂಕ್ ಎಣಿಕೆ 2. ಎರಡು ಏಕೆಂದರೆ ಡೈರೆಕ್ಟರಿಯೊಳಗಿನ ಒಂಟಿ ಚುಕ್ಕೆಯೂ ಅದಕ್ಕೇ ಒಂದು ಲಿಂಕ್. 1 ಇಟ್ಟರೆ ತಕ್ಷಣ ಏನೂ ಕೆಡುವುದಿಲ್ಲ, ಆದರೆ ಡೈರೆಕ್ಟರಿ ಅಳಿಸುವ ಕೋಡ್ ಎಣಿಕೆಯನ್ನು ಸೊನ್ನೆಯಿಂದ ಕೆಳಕ್ಕೆ ಇಳಿಸುವ ದಿನ ಬರುತ್ತದೆ.

ಐನೋಡ್‌ಗೆ ರೂಟ್ ಡೆಂಟ್ರಿ ಕಟ್ಟುವ ಕರೆ ಡಿ_ಮೇಕ್_ರೂಟ್. ಇದರ ಕರಾರು ಸರಿಯಾಗಿ ಓದಿಕೊಳ್ಳಿ: ಇದು ಗೆದ್ದರೂ ಸೋತರೂ ಐನೋಡ್ ಮೇಲಿನ ನಿಮ್ಮ ರೆಫರೆನ್ಸ್ ಅನ್ನು ತಾನೇ ನುಂಗುತ್ತದೆ. ಸೋತಾಗ ನೀವೂ ರೆಫರೆನ್ಸ್ ಬಿಡುವ ಐಪುಟ್ ಕರೆದರೆ ಅದೇ ಐನೋಡ್ ಎರಡು ಸಲ ಬಿಡುಗಡೆಯಾಗುತ್ತದೆ. ಎರರ್ ದಾರಿಗಳನ್ನು ಯಾರೂ ಓಡಿಸಿ ನೋಡದ ಕಾರಣ ಈ ತಪ್ಪು ವರ್ಷಗಟ್ಟಲೆ ಕೂತಿರಬಲ್ಲದು. ನಿಮ್ಮದೇ ಕರ್ನಲ್‌ನಲ್ಲೂ ಇದೇ ಕರಾರು ಇಟ್ಟುಕೊಳ್ಳಿ. ಕರೆಯುವ ಕಡೆಯ ಕೋಡ್ ಚಿಕ್ಕದಾಗುತ್ತದೆ.

ಈಗ ಮೌಂಟ್. ಇದರಲ್ಲಿ ನಾಲ್ಕು ಪಾಯಿಂಟರ್ ಇರಲಿ: ಸೂಪರ್‌ಬ್ಲಾಕ್, ಆ ಮೌಂಟ್‌ನ ರೂಟ್ ಡೆಂಟ್ರಿ, ತಂದೆ ಮೌಂಟ್, ತಂದೆಯಲ್ಲಿ ಅಂಟಿಕೊಂಡ ಡೆಂಟ್ರಿ. ಮೊದಲ ಮೌಂಟ್‌ಗೆ ತಂದೆ ಯಾರು? ಲಿನಕ್ಸ್‌ನಲ್ಲಿ ಅದಕ್ಕೆ ಅದೇ ತಂದೆ. ಹಾಗೆ ಮಾಡಿದರೆ ಶೂನ್ಯ ಪಾಯಿಂಟರ್ ಪರೀಕ್ಷೆ ಎಲ್ಲೂ ಬೇಡ. ಆದರೆ ಮೇಲಕ್ಕೆ ಹತ್ತುವ ಲೂಪ್‌ನಲ್ಲಿ ‘ತಂದೆ ನಾನೇ ಆಗಿದ್ದರೆ ನಿಲ್ಲು’ ಎಂಬ ಸಾಲು ಇರಲೇಬೇಕು. ಅದಿಲ್ಲದೆ ರೂಟ್‌ನಲ್ಲಿ ನಿಂತು ಎರಡು ಚುಕ್ಕೆಯ ಡೈರೆಕ್ಟರಿಗೆ ಹೋದರೆ ಕರ್ನಲ್ ಮಾತಿಲ್ಲದೆ ಸುತ್ತುತ್ತಲೇ ಇರುತ್ತದೆ.

ಪಾತ್ ಎಂದರೆ ಯಾವಾಗಲೂ ಜೋಡಿ: ಮೌಂಟ್ ಮತ್ತು ಡೆಂಟ್ರಿ. ಬಹಳಷ್ಟು ಹವ್ಯಾಸಿ ಕರ್ನಲ್‌ಗಳು ಐನೋಡ್‌ನಲ್ಲೇ ‘ಇಲ್ಲಿ ಇನ್ನೊಂದು ಫೈಲ್‌ಸಿಸ್ಟಮ್ ಕೂತಿದೆ’ ಎಂಬ ಪಾಯಿಂಟರ್ ಇಟ್ಟು ಮೌಂಟ್ ವಸ್ತುವನ್ನೇ ಕೈಬಿಡುತ್ತವೆ. ಇಳಿಯುವಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಅದೇ ಫೈಲ್‌ಸಿಸ್ಟಮ್ ಎರಡು ಕಡೆ ಮೌಂಟ್ ಆದ ದಿನ ಹತ್ತುವಾಗ ಯಾವ ಕಡೆಗೆ ಹೋಗಬೇಕೆಂದು ಗೊತ್ತಾಗದು, ಏಕೆಂದರೆ ಎರಡೂ ಕಡೆ ರೂಟ್ ಡೆಂಟ್ರಿ ಒಂದೇ. ಲಿನಕ್ಸ್ ಡೆಂಟ್ರಿಯ ಮೇಲೆ ‘ಇಲ್ಲಿ ಮೌಂಟ್ ಇದೆ’ ಎಂಬ ಒಂದು ಫ್ಲ್ಯಾಗ್ ಮಾತ್ರ ಇಡುತ್ತದೆ. ಯಾವ ಮೌಂಟ್ ಎಂಬುದನ್ನು ತಂದೆ ಮೌಂಟ್ ಮತ್ತು ಡೆಂಟ್ರಿ ಜೋಡಿಯಿಂದ ಹ್ಯಾಶ್ ಟೇಬಲ್‌ನಲ್ಲಿ ಹುಡುಕುತ್ತದೆ. ಮೊದಲ ದಿನವೇ ಜೋಡಿಯನ್ನೇ ಹೊತ್ತು ನಡೆಯಿರಿ. ಇದೊಂದರಲ್ಲಿ ರಾಜಿ ಬೇಡ.

ಕೊನೆಗೆ, ಈ ಜೋಡಿಯನ್ನು ಮೊದಲ ಟಾಸ್ಕ್‌ನ ರೂಟ್ ಮತ್ತು ಪ್ರಸ್ತುತ ಡೈರೆಕ್ಟರಿ ಎರಡಕ್ಕೂ ಇಡಿ. ಇದು ಬೇರೆ ಯಾವ ಟಾಸ್ಕ್ ಹುಟ್ಟುವುದಕ್ಕೂ ಮೊದಲೇ ಆಗಬೇಕು, ಯಾಕೆಂದರೆ ಮಿಕ್ಕವರೆಲ್ಲ ಅದನ್ನು ಹಂಚಿಕೊಳ್ಳುತ್ತಾರೆ ಇಲ್ಲವೇ ನಕಲು ಮಾಡಿಕೊಳ್ಳುತ್ತಾರೆ. ಇಲ್ಲಿ ನಿಲ್ಲಿಸಿ ಒಂದು ಪರೀಕ್ಷೆ ಹಾಕಿ: ರೂಟ್ ಡೆಂಟ್ರಿಯ ರೆಫರೆನ್ಸ್ ಎಣಿಕೆ 4 ಇರಬೇಕು. ಸೂಪರ್‌ಬ್ಲಾಕ್ ಒಂದು, ಮೌಂಟ್ ಒಂದು, ಟಾಸ್ಕ್‌ನ ರೂಟ್ ಒಂದು, ಪ್ರಸ್ತುತ ಡೈರೆಕ್ಟರಿ ಒಂದು. 3 ಬಂದರೆ ಯಾರೋ ಹಿಡಿಯದೆ ಬಳಸುತ್ತಿದ್ದಾರೆ. ಮೊದಲ ಡೈರೆಕ್ಟರಿ ಬದಲಾವಣೆಯ ನಂತರ ರೂಟ್ ಮಾಯವಾಗುತ್ತದೆ. 5 ಬಂದರೆ ಸೋರಿಕೆ.

ಫೈಲ್‌ಸಿಸ್ಟಮ್‌ಗಳ ನೋಂದಣಿ

ಇದು ಸರಳ. ಹೆಸರು, ಮೌಂಟ್ ಮಾಡುವ ಫಂಕ್ಷನ್, ಸೂಪರ್‌ಬ್ಲಾಕ್ ಕೆಡಹುವ ಫಂಕ್ಷನ್, ಫ್ಲ್ಯಾಗ್‌ಗಳು. ಇಷ್ಟನ್ನು ಒಂದು ಲಿಂಕ್ಡ್ ಲಿಸ್ಟ್‌ಗೆ ಸೇರಿಸುವುದು. ಅದೇ ಹೆಸರು ಮೊದಲೇ ಇದ್ದರೆ -16 (ಈಗಾಗಲೇ ಬಳಕೆಯಲ್ಲಿದೆ ಎಂಬ ಎರರ್) ಹಿಂದಿರುಗಿಸಿ. ಲಿಸ್ಟ್‌ಗೆ ಲಾಕ್ ಇರಲಿ: ಲಿನಕ್ಸ್‌ನಲ್ಲಿ ಇನಿಟ್‌ಕಾಲ್‌ಗಳು (ಬೂಟ್ ವೇಳೆ ಒಂದೊಂದು ಭಾಗವನ್ನು ಎಬ್ಬಿಸುವ ಫಂಕ್ಷನ್‌ಗಳು) ಓಡುವ ಹೊತ್ತಿಗೆ ಉಳಿದ ಸಿಪಿಯುಗಳೂ ಎದ್ದಿರುತ್ತವೆ. ಡಿಸ್ಕ್ ಬೇಕಾದವು ಯಾವು, ಬೇಡದವು ಯಾವು ಎಂಬ ಫ್ಲ್ಯಾಗ್ ಮರೆಯಬೇಡಿ. ರೂಟ್ ಹುಡುಕುವಾಗ ಅದನ್ನೇ ನೋಡಿ ಆರಿಸಬೇಕಾಗುತ್ತದೆ. ಪ್ರಾಕ್ ಕೆಳಗಿನ ಫೈಲ್‌ಸಿಸ್ಟಮ್ಸ್ ಫೈಲ್‌ನಲ್ಲಿ ನೋಡೆವ್ ಎಂದು ಕಾಣುವುದು ಡಿಸ್ಕ್ ಬೇಡದವುಗಳ ಮುಂದೆ.

ಇನಿಟ್‌ರಾಮ್‌ಎಫ್ಎಸ್ ತುಂಬುವುದು

ಬೂಟ್ ವೇಳೆ ರೂಟ್‌ಎಫ್ಎಸ್‌ನೊಳಗೆ ಬಿಚ್ಚಿಕೊಳ್ಳುವ ಫೈಲ್‌ಗಳ ಕಟ್ಟೇ ಇನಿಟ್‌ರಾಮ್‌ಎಫ್ಎಸ್. ಖಾಲಿ ರೂಟ್‌ಗೆ ಫೈಲ್ ತುಂಬಲು ಸಿಪಿಐಒ ಆರ್ಕೈವ್‌ಗಿಂತ (ಹಲವು ಫೈಲ್‌ಗಳನ್ನು ಒಂದರಲ್ಲೇ ಜೋಡಿಸುವ ಫಾರ್ಮ್ಯಾಟ್) ಸುಲಭದ್ದು ಇನ್ನೊಂದಿಲ್ಲ. ನ್ಯೂಸಿ ಫಾರ್ಮ್ಯಾಟ್‌ನ ಹೆಡರ್ 110 ಬೈಟ್: 070701 ಎಂಬ ಆರು ಅಕ್ಷರ, ಆಮೇಲೆ ತಲಾ ಎಂಟು ಹೆಕ್ಸ್ ಅಂಕಿಗಳ 13 ಕ್ಷೇತ್ರಗಳು. ಹೆಸರಿನ ಉದ್ದದಲ್ಲಿ ಕೊನೆಯ ಶೂನ್ಯ ಬೈಟ್ ಕೂಡ ಸೇರಿದೆ. ಹೆಡರ್ ಮತ್ತು ಹೆಸರು ಸೇರಿ 4ರ ಗುಣಕಕ್ಕೆ ಪ್ಯಾಡ್ ಆಗುತ್ತವೆ, ಡೇಟಾ ಪ್ರತ್ಯೇಕವಾಗಿ 4ರ ಗುಣಕಕ್ಕೆ. ಹೆಡರ್ 110 ಆದ್ದರಿಂದ ಹೆಸರನ್ನೊಂದನ್ನೇ ಪ್ಯಾಡ್ ಮಾಡಿದರೆ ಎರಡು ಬೈಟ್ ಆಚೀಚೆಯಾಗಿ ಎರಡನೆಯ ಎಂಟ್ರಿಯಲ್ಲೇ ಮ್ಯಾಜಿಕ್ ಕಾಣದೆ ಹೋಗುತ್ತದೆ. ನಿಮ್ಮ ಪಾರ್ಸರ್ ಮೊದಲ ಫೈಲ್ ಓದಿ ಎರಡನೆಯದರಲ್ಲಿ ಬಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಟ್ರೇಲರ್ ಎಂಬ ಪದ, ಮೂರು ಆಶ್ಚರ್ಯಸೂಚಕದ ಜೊತೆ ದೊಡ್ಡಕ್ಷರದಲ್ಲಿ, ಕೊನೆಯ ಎಂಟ್ರಿಯ ಹೆಸರು.

ಆರ್ಕೈವ್ ಮಾಡುವಾಗ ಎರಡು ಎಚ್ಚರಿಕೆ. ಗ್ನೂ ಸಿಪಿಐಒ ತಾನಾಗಿ ನ್ಯೂಸಿ ಬರೆಯುವುದಿಲ್ಲ, ಫಾರ್ಮ್ಯಾಟ್ ಅನ್ನು ಸ್ಪಷ್ಟವಾಗಿ ಕೇಳಬೇಕು. ಇನ್ನೊಂದು, ಫೈಂಡ್ ಕಮಾಂಡ್‌ಗೆ ಡೆಪ್ತ್ ಆಯ್ಕೆ ಕೊಡಬೇಡಿ. ಕೊಟ್ಟರೆ ಫೈಲ್‌ಗಳು ತಮ್ಮ ಡೈರೆಕ್ಟರಿಗಿಂತ ಮೊದಲು ಬರುತ್ತವೆ. ಕರ್ನಲ್ ತಂದೆ ಡೈರೆಕ್ಟರಿಯನ್ನು ತಾನಾಗಿ ಸೃಷ್ಟಿಸುವುದಿಲ್ಲ, ಆ ಫೈಲ್‌ಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ.

ಡೆವ್ ಡೈರೆಕ್ಟರಿಯ ಕೆಳಗೆ ಕನ್ಸೋಲ್ ಎಂಬ ಕ್ಯಾರೆಕ್ಟರ್ ಡಿವೈಸ್ ಬೇಕು, ಮೇಜರ್ 5, ಮೈನರ್ 1. ಕರ್ನಲ್ ಇದನ್ನು ಒಮ್ಮೆ ತೆರೆದು ಮೊದಲ ಪ್ರೊಸೆಸ್‌ಗೆ 0, 1, 2 ಮೂರೂ ಡಿಸ್ಕ್ರಿಪ್ಟರ್ ಮಾಡಿಕೊಡುತ್ತದೆ. ಇದಿಲ್ಲದಿದ್ದರೆ ಆರಂಭಿಕ ಕನ್ಸೋಲ್ ತೆರೆಯಲಾಗಲಿಲ್ಲ ಎಂಬ ಒಂದು ಎಚ್ಚರಿಕೆ ಬಂದು, ಇನಿಟ್ ಪ್ರೊಸೆಸ್ ಓಡುತ್ತಿದ್ದರೂ ಪರದೆ ಮೂಕವಾಗಿರುತ್ತದೆ. ಹೊರಗಿನ ಆರ್ಕೈವ್ ಕೊಟ್ಟಾಗ ಇದು ಕಾಣದು, ಕರ್ನಲ್‌ನೊಳಗೇ ಇರುವ ಪುಟ್ಟ ಆರ್ಕೈವ್ ಮೊದಲು ಬಿಚ್ಚಿಕೊಂಡು ಕನ್ಸೋಲ್ ಕೊಟ್ಟಿರುತ್ತದೆ. ಕರ್ನಲ್ ಕಟ್ಟುವಾಗಲೇ ನಿಮ್ಮ ಡೈರೆಕ್ಟರಿಯನ್ನು ಒಳಗೆ ಸೇರಿಸಿದರೆ ಆ ಪುಟ್ಟದರ ಜಾಗಕ್ಕೆ ನಿಮ್ಮದು ಬರುತ್ತದೆ, ಆಗ ಕನ್ಸೋಲ್ ನೋಡ್ ನೀವೇ ಇಡಬೇಕು.

ಡಿಸ್ಕ್‌ನ ರೂಟ್‌ಗೆ ದಾಟುವುದು

ರೂಟ್‌ಎಫ್ಎಸ್‌ನಲ್ಲಿ ಇನಿಟ್ ಎಂಬ ಫೈಲ್ ಸಿಕ್ಕರೆ ಕರ್ನಲ್ ಅದನ್ನೇ ಓಡಿಸುತ್ತದೆ. ಸಿಗದಿದ್ದರೆ ತಾನೇ ಡಿಸ್ಕ್ ಮೌಂಟ್ ಮಾಡಲು ಹೊರಡುತ್ತದೆ: ಡಿವೈಸ್ ಡ್ರೈವರ್‌ಗಳಿಗೆ ಕಾಯುತ್ತದೆ, ರೂಟ್ ಡಿವೈಸ್ ಹುಡುಕುತ್ತದೆ, ಡಿಸ್ಕ್ ಬೇಕಾದ ಫೈಲ್‌ಸಿಸ್ಟಮ್‌ಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತದೆ. ಗೆದ್ದದ್ದನ್ನು ರೂಟ್‌ನ ಮೇಲೆ ಸರಿಸಿ ಕ್ರೂಟ್ ಮಾಡುತ್ತದೆ, ಅಂದರೆ ಅದನ್ನೇ ತನ್ನ ರೂಟ್ ಡೈರೆಕ್ಟರಿ ಆಗಿಸಿಕೊಳ್ಳುತ್ತದೆ. ಹಳೆಯ ರೂಟ್‌ಎಫ್ಎಸ್ ಕೆಳಗೆ ಹಾಗೇ ಉಳಿಯುತ್ತದೆ, ಅದನ್ನು ಕಳಚಲಾಗದು. ಈ ಕಾರಣಕ್ಕೇ ಇನಿಟ್‌ರಾಮ್‌ಎಫ್ಎಸ್ ಒಳಗಿಂದ ರೂಟ್ ಮೌಂಟನ್ನು ಅದಲುಬದಲು ಮಾಡುವ ಪಿವಟ್_ರೂಟ್ ಕರೆದರೆ -22 (ಅಮಾನ್ಯ ಕೋರಿಕೆ ಎಂಬ ಎರರ್) ಬರುತ್ತದೆ. ಅಲ್ಲಿ ಬೇಕಾದ್ದು ಸ್ವಿಚ್_ರೂಟ್. ಅದು ಹಳೆಯ ಫೈಲ್‌ಗಳನ್ನು ಅಳಿಸಿ ಮೆಮೊರಿ ಬಿಡಿಸಿ, ಹೊಸ ಮೌಂಟನ್ನು ಮೇಲಕ್ಕೆ ಸರಿಸುತ್ತದೆ.

ರೂಟ್ ಮೌಂಟ್ ಆಗದೆ ಪ್ಯಾನಿಕ್ ಬಂದರೆ ಸಂದೇಶದ ಕೊನೆಯಲ್ಲಿ ಅನ್‌ನೋನ್ ಬ್ಲಾಕ್ ಎಂದು ಬರೆದು ಬ್ರಾಕೆಟ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ. ಇಡೀ ಪರದೆಯಲ್ಲಿ ಹೆಚ್ಚು ಹೇಳುವುದು ಈ ಎರಡೇ. 0,0 ಇದ್ದರೆ ಕರ್ನಲ್‌ಗೆ ಡಿವೈಸೇ ಸಿಕ್ಕಿಲ್ಲ: ಡ್ರೈವರ್ ಸೇರಿಲ್ಲ, ರೂಟ್ ಹೆಸರು ತಪ್ಪಿದೆ, ಅಥವಾ ಇನಿಟ್‌ರಾಮ್‌ಎಫ್ಎಸ್ ಲೋಡ್ ಆಗಿಲ್ಲ. ಯುಯುಐಡಿ (ಫೈಲ್‌ಸಿಸ್ಟಮ್‌ನ ವಿಶಿಷ್ಟ ಗುರುತು ಸಂಖ್ಯೆ) ಮೂಲಕ ರೂಟ್ ಹೆಸರಿಸಿ ಇನಿಟ್‌ರಾಮ್‌ಎಫ್ಎಸ್ ಕೊಡದೆ ಬೂಟ್ ಮಾಡಿದರೂ ಇದೇ ಗತಿ. ಫೈಲ್‌ಸಿಸ್ಟಮ್ ಯುಯುಐಡಿ ಕರ್ನಲ್‌ಗೆ ತಿಳಿಯದು, ಪಾರ್ಟಿಷನ್‌ನ ಗುರುತಾದ ಪಾರ್ಟ್‌ಯುಯುಐಡಿ ಮಾತ್ರ ತಿಳಿಯುತ್ತದೆ. 8,1 ಅಥವಾ 8,2 ರೀತಿ ಇದ್ದರೆ ಡಿಸ್ಕ್ ಸಿಕ್ಕಿದೆ, ಫೈಲ್‌ಸಿಸ್ಟಮ್ ಗುರುತು ಸಿಕ್ಕಿಲ್ಲ: ಆ ಫೈಲ್‌ಸಿಸ್ಟಮ್ ಕರ್ನಲ್‌ನಲ್ಲಿ ಇಲ್ಲ, ಮಾಡ್ಯೂಲ್ ಆಗಿ ಮಾತ್ರ ಇದೆ, ಇಲ್ಲವೇ ಪಾರ್ಟಿಷನ್ ತಪ್ಪಿದೆ. ಎಕ್ಸ್ಟ್ ಕುಟುಂಬವಾದರೆ ಪಾರ್ಟಿಷನ್‌ನ 1,080ನೇ ಬೈಟ್ ಆಫ್‌ಸೆಟ್‌ನಲ್ಲಿ ಹೆಕ್ಸ್‌ನಲ್ಲಿ 53, ಇಎಫ್ ಎಂಬ ಎರಡು ಬೈಟ್ ಇದೆಯೇ ನೋಡಿ. ಸೂಪರ್‌ಬ್ಲಾಕ್ 1,024ರಲ್ಲಿ ಶುರು, ಅದರೊಳಗೆ 56ನೇ ಆಫ್‌ಸೆಟ್‌ನಲ್ಲಿ ಮ್ಯಾಜಿಕ್. ಯುಎಸ್‌ಬಿ ಅಥವಾ ಎಸ್‌ಡಿ ಕಾರ್ಡ್‌ನಿಂದ ಬೂಟ್ ಮಾಡುವಾಗ ಡಿಸ್ಕ್ ತಡವಾಗಿ ಕಾಣುವುದೂ ಉಂಟು. ರೂಟ್‌ವೇಟ್ ಆಯ್ಕೆ ಕೊಟ್ಟರೆ ಕರ್ನಲ್ ಅದು ಬರುವ ತನಕ ಕಾಯುತ್ತದೆ.

ಮೌಂಟ್ ಆಯಿತು, ಆದರೆ ಬರೆಯಲಾಗುತ್ತಿಲ್ಲ ಎಂದರೆ ಗಾಬರಿ ಬೇಡ. ಡೀಫಾಲ್ಟ್ ರೀಡ್ ಓನ್ಲಿ. ಫೈಲ್‌ಸಿಸ್ಟಮ್ ಪರೀಕ್ಷೆ ಮುಗಿದ ಮೇಲೆ ಮರುಮೌಂಟ್ ಮಾಡಲಿ ಎಂಬ ಏರ್ಪಾಡು ಅದು. ಇನಿಟ್ ಫೈಲ್ ಕಣ್ಣೆದುರಿಗೇ ಇದ್ದರೂ -2 (ಫೈಲ್ ಇಲ್ಲ ಎಂಬ ಎರರ್) ಬಂದರೆ ಅದಕ್ಕೆ ಬೇಕಾದ ಡೈನಮಿಕ್ ಲಿಂಕರ್ ಇಲ್ಲ ಎಂದರ್ಥ, ಇಲ್ಲವೇ ಸ್ಕ್ರಿಪ್ಟ್‌ನ ಮೊದಲ ಸಾಲಿನ ಶೆಲ್ ಇಲ್ಲ. -8 (ಓಡಿಸಲಾಗದ ಫಾರ್ಮ್ಯಾಟ್ ಎಂಬ ಎರರ್) ಬಂದರೆ ಬೇರೆ ಆರ್ಕಿಟೆಕ್ಚರ್‌ಗೆ ಕಟ್ಟಿದ ಬೈನರಿ.

ಕ್ಯೂಎಮುನಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡುವುದು

ಡೀಬಗ್ ಮಾಹಿತಿ ಸಮೇತ ಕರ್ನಲ್ ಕಟ್ಟಿ, ಸ್ಟ್ಯಾಟಿಕ್ ಆಗಿ ಕಟ್ಟಿದ ಬಿಝಿಬಾಕ್ಸ್ (ಹಲವು ಕಮಾಂಡ್‌ಗಳು ಸೇರಿದ ಒಂದೇ ಬೈನರಿ) ಹಾಕಿದ ಸಣ್ಣ ಇನಿಟ್‌ರಾಮ್‌ಎಫ್ಎಸ್ ಜೊತೆ ಕ್ಯೂಎಮು ಎಂಬ ಯಂತ್ರ ಎಮ್ಯುಲೇಟರ್‌ನಲ್ಲಿ ಓಡಿಸಿ. ಸಣ್ಣ ಎಸ್ ಮತ್ತು ದೊಡ್ಡ ಎಸ್ ಎರಡೂ ಆಯ್ಕೆ ಕೊಟ್ಟರೆ ಯಂತ್ರ ಮೊದಲ ಸೂಚನೆಯಲ್ಲೇ ನಿಂತು 1234 ಪೋರ್ಟ್‌ನಲ್ಲಿ ಜಿಡಿಬಿ ಡೀಬಗರ್‌ಗೆ ಕಾಯುತ್ತದೆ. ಬೂಟ್ ಸಾಲಿಗೆ ನೋಕೆಎಎಸ್ಎಲ್ಆರ್ ಸೇರಿಸಿ. ಇಲ್ಲದಿದ್ದರೆ ಕರ್ನಲ್ ಬೇರೆ ವಿಳಾಸಕ್ಕೆ ಹೋಗಿ ಬ್ರೇಕ್‌ಪಾಯಿಂಟ್ ಎಂದೂ ಮುಟ್ಟದು. ಆರಂಭದಲ್ಲಿ ಸಾಮಾನ್ಯ ಬ್ರೇಕ್‌ಪಾಯಿಂಟ್ ಬದಲು ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಹಾಕಿ. ವಿಎಫ್ಎಸ್_ಕ್ಯಾಶಸ್_ಇನಿಟ್, ಎಂಎನ್‌ಟಿ_ಇನಿಟ್, ಇನಿಟ್_ಮೌಂಟ್_ಟ್ರೀ ಮೂರರಲ್ಲೂ ನಿಲ್ಲಿಸಿ. ಕೊನೆಯದರಿಂದ ಹೊರಬಂದ ಮೇಲೆ ಪ್ರಸ್ತುತ ಟಾಸ್ಕ್‌ನ ಎಫ್ಎಸ್ ರಚನೆ ಮುದ್ರಿಸಿದರೆ ರೂಟ್ ಮತ್ತು ಪಿಡಬ್ಲ್ಯೂಡಿ ಎರಡರಲ್ಲೂ ಒಂದೇ ಜೋಡಿ ವಿಳಾಸಗಳು ಕಾಣಬೇಕು. ಇನಿಟ್‌ಕಾಲ್_ಡೀಬಗ್ ಆಯ್ಕೆ ಕೊಟ್ಟರೆ ಯಾವ ಫೈಲ್‌ಸಿಸ್ಟಮ್ ಯಾವಾಗ ನೋಂದಣಿಯಾಯಿತು, ಎಷ್ಟು ಮೈಕ್ರೊಸೆಕೆಂಡ್ ಹಿಡಿಯಿತು ಎಂಬುದು ಸಾಲು ಸಾಲಾಗಿ ಬರುತ್ತದೆ.

ನಿಮ್ಮ ಕರ್ನಲ್‌ಗೆ ಇನ್ನೊಂದು ಪರೀಕ್ಷೆಯನ್ನೂ ಬರೆದಿಡಿ: ರಾಮ್‌ನಲ್ಲಿ ಎರಡನೆಯ ಫೈಲ್‌ಸಿಸ್ಟಮ್ ಮೌಂಟ್ ಮಾಡಿ, ಅದರಲ್ಲಿ ಹತ್ತು ಡೈರೆಕ್ಟರಿ ಆಳಕ್ಕೆ ಇಳಿದು, ಎರಡು ಚುಕ್ಕೆಗಳಿಂದಲೇ ರೂಟ್‌ವರೆಗೆ ಹತ್ತಿ, ಆಮೇಲೆ ಕಳಚಿ. ಕಳಚುವಾಗ ಯಾವ ಐನೋಡ್‌ನ ಎಣಿಕೆಯಾದರೂ ಸೊನ್ನೆಗೆ ಇಳಿಯದೆ ಉಳಿದಿದ್ದರೆ ಅದರ ಸಂಖ್ಯೆಯನ್ನು ಮುದ್ರಿಸಿ. ಲಿನಕ್ಸ್ ಕೂಡ ಇಂಥ ಹೊತ್ತಿನಲ್ಲಿ ಬಿಝಿ ಐನೋಡ್ಸ್ ಎಂದು ಕೂಗುತ್ತದೆ. ಈ ಸೋರಿಕೆಯ ಮೂಲ ಹೆಚ್ಚಿನ ಸಲ ಪಾತ್ ಹುಡುಕುವ ಕೋಡ್‌ನ ಎರರ್ ದಾರಿಯಲ್ಲಿ, ಮಧ್ಯದ ಹೆಸರು ಸಿಗದೆ ಹಿಂತಿರುಗುವಾಗ ಬಿಡದೇ ಹೋದ ತಂದೆ ಡೆಂಟ್ರಿಯಲ್ಲಿ ಇರುತ್ತದೆ. ಆದ್ದರಿಂದ ಇಲ್ಲದ ಹೆಸರುಗಳನ್ನೂ ಬೇಕೆಂದೇ ಹುಡುಕಿಸಿ, ಆಮೇಲೆ ಕಳಚಿ ನೋಡಿ.